ಬ್ಯಾಂಕೋನನ್ನು ಹುಟ್ಟಿಸಿದವರು

ಸ್ಕಾಟ್ಲೆಂಡಿನ ಸ್ಟೂವರ್ಟ್ ಮನೆತನ ಬಹುಕಾಲ ತನ್ನ ಮೂಲಪುರುಷನೆಂದು ಹೇಳಿಕೊಂಡದ್ದು ಬ್ಯಾಂಕೋ ಎಂಬ ಸ್ಥಳೀಯ ಸರದಾರನನ್ನು. ಈತ ಮೊದಲು ಕಾಣಿಸಿಕೊಂಡದ್ದು 1527ರಲ್ಲಿ, ಹೆಕ್ಟರ್ ಬೋಯಿಸನ ಇತಿಹಾಸಗ್ರಂಥದಲ್ಲಿ. ಆಗ ಸಿಂಹಾಸನದಲ್ಲಿದ್ದವನು ಸ್ಟೂವರ್ಟ್ ವಂಶದ ಐದನೆಯ ಜೇಮ್ಸ್ ಎಂಬುದನ್ನು ಮರೆಯಬಾರದು. ಮುಂದೆ ಶೇಕ್ಸ್‌ಪಿಯರ್ ಆ ಕಲ್ಪಿತ ಪೂರ್ವಜನನ್ನು 'ಮ್ಯಾಕ್‌ಬೆತ್' ನಾಟಕದಲ್ಲಿ ಅಮರಗೊಳಿಸಿದ.

ದಾನಪತ್ರಗಳು ಹೇಳುವುದು ಬೇರೆಯೇ ಕತೆ. ಅವುಗಳ ಕೊನೆಯಲ್ಲಿ ಬರುವ ಸಾಕ್ಷಿಗಳ ಹೆಸರುಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ನಾವು ತಲುಪುವುದು ಫ್ರಾನ್ಸಿನ ಬ್ರಿಟನಿಯಲ್ಲಿರುವ ದೋಲ್ ಪಟ್ಟಣವನ್ನು. ಅಲ್ಲಿಂದ ಇಂಗ್ಲೆಂಡಿಗೆ ಬಂದ ಅಲನ್ ಶ್ರಾಪ್‌ಶೈರಿನಲ್ಲಿ ಭೂಮಿ ಪಡೆದ. ಅವನ ಮಗ ವಾಲ್ಟರ್ ಸ್ಕಾಟ್ಲೆಂಡಿನ ಒಂದನೆಯ ಡೇವಿಡ್‌ನ ಆಸ್ಥಾನ ಸೇರಿ ಅರಮನೆಯ 'ಸ್ಟೂವರ್ಡ್', ಅಂದರೆ ಮೇಲ್ವಿಚಾರಕನಾದ. ನಮ್ಮ ಕುಲಕರ್ಣಿ, ದೇಸಾಯಿಗಳಂತೆ ಹುದ್ದೆಯೇ ಮನೆತನದ ಹೆಸರಾಯಿತು. ಪೇಯ್ಸ್ಲಿಯಲ್ಲಿ ಮಠ ಸ್ಥಾಪಿಸಿದಾಗ ವಾಲ್ಟರ್ ಸನ್ಯಾಸಿಗಳನ್ನು ಕರೆಸಿಕೊಂಡದ್ದೂ ಶ್ರಾಪ್‌ಶೈರಿನಿಂದಲೇ. ಬಿಟ್ಟುಬಂದ ಊರಿನ ನಂಟು ಅಷ್ಟು ಸುಲಭವಾಗಿ ಕಳಚುವುದಿಲ್ಲ, ಬಿಡಿ.

ಈ ಬ್ರೆಟನ್ ಮೂಲವನ್ನು 1901ರಲ್ಲಿ ಹೊರೇಸ್ ರೌಂಡ್ ವಿವರವಾಗಿ ನಿರೂಪಿಸಿದ. ವಂಶಾವಳಿಯ ಶೋಧವನ್ನು ಪ್ರತಿಗಾಮಿ ಹವ್ಯಾಸವೆಂದು ತಳ್ಳಿಹಾಕುವ ಪ್ರಗತಿಪರ ಮಿತ್ರರೊಡನೆ ನನಗಿರುವ ತಕರಾರು ಇಲ್ಲಿಯದೇ. ನೆಲದ ಮಕ್ಕಳೆಂಬ ಹೆಮ್ಮೆಗಾಗಿ ಕಟ್ಟಿದ ಸುಳ್ಳನ್ನು ಬಯಲಿಗೆಳೆದದ್ದು ಘೋಷಣೆಯಲ್ಲ, ಹಳೆಯ ಸಾಕ್ಷಿಪಟ್ಟಿಗಳ ತಾಳ್ಮೆಯ ಓದು. ವಲಸಿಗರ ಮೂಲವನ್ನು ಕೆದಕುವ ರಾಜಕಾರಣ ಬಲಗೊಳ್ಳುತ್ತಿರುವಾಗ ಈ ಉಪಕರಣವನ್ನು ನಾವು ಎದುರಾಳಿಗಳಿಗೆ ಬಿಟ್ಟುಕೊಡುವುದೇಕೆ?

ಆ ಓದು ಇನ್ನೂ ಮುಗಿದಿಲ್ಲ. 1371ರಲ್ಲಿ ಈ ಮನೆತನಕ್ಕೆ ಕಿರೀಟ ದಕ್ಕಿದ್ದು ರಾಬರ್ಟ್ ಬ್ರೂಸನ ಮಗಳು ಮಾರ್ಜರಿಯ ಮೂಲಕ. ತಂದೆಯಿಂದ ಮಗನಿಗೆ ಇಳಿಯುವ ವಂಶವೃಕ್ಷದಲ್ಲಿ ಅವಳು ಬರಿಯ ಒಬ್ಬನ ಹೆಂಡತಿ.