ಪರಿವರ್ತಕದ ತೈಲ: ಖರೀದಿ ದರವೇ ಅಂತಿಮ ಲೆಕ್ಕವಲ್ಲ

ಎಚ್.ಟಿ. ವಿದ್ಯುತ್ ಸಂಪರ್ಕ ಪಡೆದ ಸಣ್ಣ ಕಾರ್ಖಾನೆಗಳ ಆವರಣದಲ್ಲಿ ಸಾಮಾನ್ಯವಾಗಿ ಸ್ವಂತ ಪರಿವರ್ತಕವೊಂದು ಇರುತ್ತದೆ. ಅದರ ತೊಟ್ಟಿಯಲ್ಲಿ ನೂರಾರು ಲೀಟರ್ ತೈಲ ತುಂಬಿರುತ್ತದೆ. ಸುರುಳಿಗಳ ನಡುವೆ ವಿದ್ಯುತ್ ಹಾಯದಂತೆ ತಡೆಯುವುದು ಮತ್ತು ಒಳಗಿನ ಶಾಖವನ್ನು ಹೊರಗೆ ಸಾಗಿಸುವುದು ಈ ತೈಲದ ಎರಡು ಮುಖ್ಯ ಕೆಲಸಗಳು. ನೂರು ವರ್ಷಗಳಿಗೂ ಮಿಗಿಲಾಗಿ ಪೆಟ್ರೋಲಿಯಂ ಮೂಲದ ಖನಿಜ ತೈಲವೇ ಇದನ್ನು ನಿರ್ವಹಿಸುತ್ತ ಬಂದಿದೆ. ಅದು ಅಗ್ಗ, ಸುಲಭಲಭ್ಯ, ಕೆಲಸಗಾರರಿಗೆ ಪರಿಚಿತ. ಆದರೆ ಖರೀದಿಯ ದಿನ ಬಿಲ್ಲಿನಲ್ಲಿ ಕಾಣದ ಹೊಣೆಯೊಂದು ಅದರೊಡನೆ ಬರುತ್ತದೆ.

ಆ ಹೊಣೆ ಬೆಂಕಿಯದು. ಖನಿಜ ತೈಲಕ್ಕೆ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಿಡಿ ತಗುಲಿದರೆ ಅದು ಹೊತ್ತಿ ಉರಿಯತೊಡಗುತ್ತದೆ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಮಂಗನಹಳ್ಳಿ ಬಳಿ ರಸ್ತೆಬದಿಯ ಪರಿವರ್ತಕವೊಂದು ಸ್ಫೋಟಗೊಂಡು, ಸ್ಕೂಟರಿನಲ್ಲಿ ಸಾಗುತ್ತಿದ್ದ ತಂದೆ ಮಗಳು ಪ್ರಾಣ ಕಳೆದುಕೊಂಡರು. ತೈಲ ಬೇರೆಯಾಗಿದ್ದರೆ ಆ ಅನಾಹುತ ತಪ್ಪುತ್ತಿತ್ತೆಂದು ಹೇಳಲಾಗದು. ಸರಿಯಾದ ನಿರ್ವಹಣೆಗೆ ಯಾವ ತೈಲವೂ ಪರ್ಯಾಯವಲ್ಲ. ಆದರೂ ಜನರು ಓಡಾಡುವ, ಕೆಲಸ ಮಾಡುವ ಸ್ಥಳದಲ್ಲಿ ತುಂಬಿಟ್ಟ ತೈಲ ಎಷ್ಟು ಬೇಗ ಹೊತ್ತಿಕೊಳ್ಳುವಂಥದ್ದು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ.

ಸೋಯಾ, ಸೂರ್ಯಕಾಂತಿ, ರೇಪ್‌ಸೀಡ್ ಮೊದಲಾದ ಬೀಜಗಳಿಂದ ತಯಾರಿಸುವ ನಿರೋಧಕ ತೈಲಗಳು ಈ ದೃಷ್ಟಿಯಿಂದ ಗಮನಾರ್ಹ. ನ್ಯಾಚುರಲ್ ಎಸ್ಟರ್ ಎಂದು ಕರೆಯಲಾಗುವ ಇವು ಉರಿಯತೊಡಗಲು 300 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಬೇಕು. ನೆಲಕ್ಕೆ ಸೋರಿದರೆ ಖನಿಜ ತೈಲಕ್ಕಿಂತ ಬಹು ಬೇಗ ಕೊಳೆತು ಮಣ್ಣು ಸೇರುತ್ತವೆ. ಇವುಗಳಿಗೆ ನೀರಿನಂಶವನ್ನು ಹೀರಿಕೊಳ್ಳುವ ಶಕ್ತಿ ಹೆಚ್ಚು. ಆದ್ದರಿಂದ ಸುರುಳಿಗಳ ಮೇಲಿನ ಕಾಗದದ ಹೊದಿಕೆ ಒಣಗಿದ ಸ್ಥಿತಿಯಲ್ಲಿದ್ದು ನಿಧಾನವಾಗಿ ಹಳತಾಗುತ್ತದೆ. ಪರಿವರ್ತಕದ ಆಯುಸ್ಸು ಬಹುಮಟ್ಟಿಗೆ ಆ ಕಾಗದದ ಆಯುಸ್ಸೇ ಆಗಿರುವುದರಿಂದ ಇದು ಸಣ್ಣ ಲಾಭವಲ್ಲ.

ಇದು ಪ್ರಯೋಗಾಲಯದಲ್ಲೇ ಉಳಿದಿರುವ ವಿಷಯವೂ ಅಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ತೈಲಗಳಿಗೆ 2013ರಲ್ಲಿ ಐಇಸಿ 62770 ಎಂಬ ಅಂತರರಾಷ್ಟ್ರೀಯ ಮಾನಕವೂ, 2017ರಲ್ಲಿ ಐಎಸ್ 16659 ಎಂಬ ಭಾರತೀಯ ಮಾನಕವೂ ದೊರೆತವು. ಜರ್ಮನಿಯ ಬ್ರೂಕ್ಸಾಲ್ ಬಳಿ 420 ಕಿಲೋವೋಲ್ಟ್ ಮಟ್ಟದ ಬೃಹತ್ ಪರಿವರ್ತಕಕ್ಕೂ ಸಸ್ಯಜನ್ಯ ತೈಲ ತುಂಬಲಾಗಿದೆ.

ಹಾಗಿದ್ದರೂ ಉದ್ಯಮಿಗಳು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಬೆಲೆ. ಸಸ್ಯಜನ್ಯ ತೈಲ ಖನಿಜ ತೈಲಕ್ಕಿಂತ ಸ್ಪಷ್ಟವಾಗಿ ದುಬಾರಿ. ಲೆಕ್ಕಕ್ಕಾಗಿ, ಪರಿವರ್ತಕವೊಂದಕ್ಕೆ 500 ಲೀಟರ್ ತೈಲ ಬೇಕು, ಲೀಟರಿಗೆ 150 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ, ಹೆಚ್ಚುವರಿ ವೆಚ್ಚ 75,000 ರೂಪಾಯಿ. ಇದನ್ನು 25 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 3,000 ರೂಪಾಯಿ. ಶೇ. 10ರ ಬಡ್ಡಿಯನ್ನು ಸೇರಿಸಿದರೂ ಮೊದಲ ವರ್ಷದ ಹೊರೆ 10,500 ರೂಪಾಯಿ ಮಾತ್ರ. ಸಾಲ ತೀರಿದಂತೆ ಅದೂ ಇಳಿಯುತ್ತದೆ. ಪರಿವರ್ತಕದ ಬೆಲೆಯಲ್ಲಿ ಸೇರಿದ ಈ ಮೊತ್ತಕ್ಕೆ ಯಂತ್ರೋಪಕರಣಗಳಂತೆಯೇ ಆದಾಯ ತೆರಿಗೆಯಲ್ಲಿ ಶೇ. 15ರ ಸವಕಳಿ ದೊರೆಯುತ್ತದೆ. ಒಂದು ಬೆಂಕಿ ಅವಘಡದಿಂದ ಕಾರ್ಖಾನೆ ಹದಿನೈದು ದಿನ ಮುಚ್ಚಿದರೆ ಆಗುವ ನಷ್ಟವೆಷ್ಟೆಂಬುದನ್ನು ಪ್ರತಿಯೊಬ್ಬ ಉದ್ಯಮಿಯೂ ತನ್ನ ಲೆಕ್ಕಪುಸ್ತಕದಿಂದಲೇ ಅಳೆದುಕೊಳ್ಳಬಹುದು. ಕನಿಷ್ಠ ದರದ ಕೊಟೇಷನ್ನಿಗೆ ಕಣ್ಣುಮುಚ್ಚಿ ಮಣೆ ಹಾಕುವ ಪದ್ಧತಿಯಲ್ಲಿ ಈ ಲೆಕ್ಕಕ್ಕೆ ಸ್ಥಾನವೇ ಇಲ್ಲ.

ಅಗ್ಗವೂ ಸುರಕ್ಷಿತವೂ ಎಂದು ಕಂಡದ್ದು ಮುಂದೆ ಹೊರೆಯಾದ ಉದಾಹರಣೆ ಈ ಕ್ಷೇತ್ರದಲ್ಲಿಯೇ ಇದೆ. ಬೆಂಕಿಯ ಭಯ ನೀಗಲೆಂದು ಹಿಂದೆ ಪಿಸಿಬಿ ಎಂಬ ರಾಸಾಯನಿಕವನ್ನು ಪರಿವರ್ತಕಗಳಿಗೆ ತುಂಬಲಾಗುತ್ತಿತ್ತು. ಅದು ವಿಷಕಾರಿ ಎಂದು ತಿಳಿದ ಮೇಲೆ ಜಗತ್ತು ಅದನ್ನು ಕೈಬಿಟ್ಟಿತು. ಭಾರತ ಸರ್ಕಾರ 2016ರ ಆದೇಶದಲ್ಲಿ ಅದರ ಬಳಕೆಗೆ 2025ರ ಡಿಸೆಂಬರ್ 31ರ ಗಡುವು ವಿಧಿಸಿತು. ಅಂಥ ಸಲಕರಣೆಯನ್ನು ಹೊಂದಿದವರಿಗೆ ಹಳೆಯ ಆಸ್ತಿಯೇ ಹೊಸ ಹೊಣೆಯಾಯಿತು.

ಹಾಗೆಂದು ಇಂದೇ ಎಲ್ಲ ಪರಿವರ್ತಕಗಳ ತೈಲವನ್ನು ಬದಲಿಸಬೇಕೆಂಬ ಆತುರವೂ ಸಲ್ಲದು. ಸಸ್ಯಜನ್ಯ ತೈಲ ಗಾಳಿಯ ಸತತ ಸಂಪರ್ಕದಲ್ಲಿ ಕೆಡುತ್ತ ದಪ್ಪವಾಗುತ್ತದೆ. ಆದುದರಿಂದ ಬ್ರೀದರ್ ಮೂಲಕ ಹೊರಗಾಳಿ ಆಡುವ ಸಾಧಾರಣ ಪರಿವರ್ತಕಕ್ಕಲ್ಲ, ಗಾಳಿ ಸೋಕದಂತೆ ಮುಚ್ಚಿದ ವಿನ್ಯಾಸಕ್ಕೆ ಅದು ಯೋಗ್ಯ. ಅದರ ಸ್ನಿಗ್ಧತೆಯೂ ಹೆಚ್ಚಾದ್ದರಿಂದ ಶಾಖ ಹೊರಹಾಕುವ ವ್ಯವಸ್ಥೆಯನ್ನು ತಯಾರಕರು ಅದಕ್ಕೆ ತಕ್ಕಂತೆ ರೂಪಿಸಬೇಕು. ಇನ್ನು, ಅಡುಗೆ ಎಣ್ಣೆಯ ಅಗತ್ಯದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶದಲ್ಲಿ ಖಾದ್ಯ ತೈಲವನ್ನು ಯಂತ್ರಕ್ಕೆ ಸುರಿಯುವುದು ಸರಿಯೇ ಎಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ಹೊಂಗೆಯಂತಹ ಅಖಾದ್ಯ ಎಣ್ಣೆಯನ್ನು ಈ ಕೆಲಸಕ್ಕೆ ಅಣಿಗೊಳಿಸುವ ಸಂಶೋಧನೆ ಮಹತ್ವ ಪಡೆಯುವುದು ಇಲ್ಲಿಯೇ.

ಆದ್ದರಿಂದ ವಿವೇಕದ ಹಾದಿ ನಡುವಿನದು. ಇರುವ ಪರಿವರ್ತಕಗಳಿಗೆ ಕಾಲಕಾಲಕ್ಕೆ ತೈಲ ಪರೀಕ್ಷೆ ನಡೆಯಲಿ. ಹೊಸದನ್ನು ಕೊಳ್ಳುವಾಗ, ವಿಶೇಷವಾಗಿ ಕೆಲಸಗಾರರು, ದಾಸ್ತಾನು ಅಥವಾ ಕೊಳವೆಬಾವಿ ಸಮೀಪವಿರುವಲ್ಲಿ, ಎರಡೂ ತೈಲಗಳಿಗೆ ಪ್ರತ್ಯೇಕ ಕೊಟೇಷನ್ ತರಿಸಿಕೊಂಡು ಪೂರ್ಣ ಆಯುಷ್ಯದ ವೆಚ್ಚವನ್ನು ಹೋಲಿಸಲಿ. ವಿಮಾ ಸಂಸ್ಥೆಯೊಡನೆ ಪ್ರೀಮಿಯಂ ಕುರಿತು ಮುಂಚಿತವಾಗಿ ಚರ್ಚಿಸಲಿ. ಪರಿವರ್ತಕ ತಯಾರಿಸುವ ಸಣ್ಣ ಘಟಕಗಳು ಮುಚ್ಚಿದ ವಿನ್ಯಾಸಗಳನ್ನು ಸಿದ್ಧಪಡಿಸಿ, ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಕಡೆ ಪರೀಕ್ಷೆಗೆ ಒಳಪಡಿಸಲಿ. ಬೇಡಿಕೆ ಬಂದ ಮೇಲೆ ಸಿದ್ಧತೆಗೆ ತೊಡಗುವವನಿಗೆ ಮಾರುಕಟ್ಟೆ ಕಾಯುವುದಿಲ್ಲ.