ಕಟ್ಟಿಗೆಯ ದೇವಿಯೂ ಕಲಿತ ನಾವೂ

ಧಾರವಾಡ ಸೀಮೆಯಲ್ಲಿ ದ್ಯಾಮವ್ವನ ಗುಡಿಯಿಲ್ಲದ ಹಳ್ಳಿ ವಿರಳ. ದ್ಯಾಮವ್ವ, ದುರ್ಗವ್ವರ ಮೂರ್ತಿಗಳು ಹೆಚ್ಚಾಗಿ ಕಟ್ಟಿಗೆಯವು. ಬೇನೆ ಬರಗಾಲಗಳು ಊರ ಸೀಮೆ ದಾಟಿ ಒಳಗೆ ಬರದಂತೆ ಕಾಯುವವರು ಇವರೇ ಎಂದು ಜನರ ನಂಬಿಗೆ. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಹಳೇಬೀಡಿನ ಕಲ್ಲನ್ನು ಶಿಲ್ಪವೆಂದು ಕೊಂಡಾಡಿ, ಇವುಗಳನ್ನು ಮೂಢನಂಬಿಕೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಜಾತ್ರೆಯ ಪದ್ಧತಿಯನ್ನೇ ನೋಡೋಣ. ಕೆಲವು ವರ್ಷಗಳಿಗೊಮ್ಮೆ ಜಾತ್ರೆ ಗೊತ್ತಾದಾಗ ದೇವಿ ಬಣ್ಣಕ್ಕೆ ಹೋಗುತ್ತಾಳೆ. ಹಲವು ಊರುಗಳಲ್ಲಿ ಬಡಿಗೇರರ ಮನೆಯೇ ಅವಳ ತವರುಮನೆ. ಅಲ್ಲಿ ಹಳೆಯ ಬಣ್ಣ ತೆಗೆದು ಹೊಸದನ್ನು ಹಚ್ಚುವಾಗ ಅದು ಕೆತ್ತಿದ ಕಟ್ಟಿಗೆ; ಪೂಜೆಯಾಗಿ ಹೊನ್ನಾಟಕ್ಕೆ ಹೊರಟಾಗ ಊರತಾಯಿ. ಈ ಭೇದ ಹಳ್ಳಿಗರಿಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ಅವರು ಕಟ್ಟಿಗೆಗೆ ಕೈಮುಗಿಯುತ್ತಾರೆಂದು ನಗುವುದು ನಮ್ಮ ಅಜ್ಞಾನವನ್ನೇ ತೋರಿಸುತ್ತದೆ.

ಆಫ್ರಿಕದ ಕಾಂಗೋ ನದಿಯ ನಾಡಿನ ತೇಕೆ ಜನರೂ ರಕ್ಷಣೆಗಾಗಿ ಕಟ್ಟಿಗೆಯ ಮೂರ್ತಿಗಳನ್ನು ಕೆತ್ತುತ್ತಿದ್ದರು. ಮುಖದ ತುಂಬ ಉದ್ದ ಗೀರುಗಳು, ಹೊಟ್ಟೆಯಲ್ಲೊಂದು ಗೂಡು. ಅದರೊಳಗೆ ಮಾಂತ್ರಿಕನು ಮದ್ದು ತುಂಬಿದ ಮೇಲೆಯೇ ಅದಕ್ಕೆ ಶಕ್ತಿ. ಯುರೋಪಿನ ಸಂಗ್ರಹಾಲಯಗಳನ್ನು ಸೇರಿದ ಅನೇಕ ಮೂರ್ತಿಗಳ ಗೂಡು ಇಂದು ಬರಿದು. ನಮ್ಮ ಮೆಕ್ಕೆಕಟ್ಟಿನ ಹಳೆಯ ಭೂತಮೂರ್ತಿಗಳೂ ದಿಲ್ಲಿಯ ಕರಕುಶಲ ಸಂಗ್ರಹಾಲಯದಲ್ಲಿವೆ. ಮರ ಉಳಿಯಿತು, ಸಂತೋಷ. ಆದರೆ ಕೋಲ, ಪಾಡ್ದನಗಳು ಊರಿನಲ್ಲಿಯೇ ಉಳಿದವು.

ಹಾಗೆಂದು ಹಳೆಯದೆಲ್ಲ ಇರಲಿ ಎನ್ನುವವನು ನಾನಲ್ಲ. ಗುಡಿಯ ಮುಂದಿನ ಪ್ರಾಣಿಬಲಿಯನ್ನು 1959ರ ಕಾಯದೆ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಜಾತ್ರೆಯ ಹೆಸರಿನಲ್ಲಿ ಕೆಲವು ಜಾತಿಗಳ ಹೆಗಲಿಗೆ ಕೀಳು ಸೇವೆ ಹೊರಿಸುವುದೂ ನಿಲ್ಲಬೇಕು. ಜೊಳ್ಳು ತೂರುವಾಗ ಕಾಳನ್ನೂ ಗಾಳಿಗೆ ಬಿಡಬಾರದೆಂಬುದಷ್ಟೇ ನನ್ನ ಮಾತು.

ಮೂರ್ತಿ ಜೀರ್ಣವಾದರೆ ಹೊಸದು ಬರುತ್ತದೆ. ಹಳೆಯದು ಹೊಳೆ ಸೇರಬಹುದು, ವ್ಯಾಪಾರಿಯ ಕೈಯನ್ನೂ ಸೇರಬಹುದು. ನೂರು ವರ್ಷ ದಾಟಿದ ಶಿಲ್ಪ ಪರದೇಶಕ್ಕೆ ಮಾರಿಹೋಗದಂತೆ 1972ರ ಕಾಯದೆ ತಡೆಯುತ್ತದೆ. ಆದರೆ ಕೆತ್ತಿದವರಾರು, ಯಾವ ಮರ, ಯಾವ ಬಣ್ಣ ಎಂಬುದನ್ನು ಕಾಯದೆ ಬರೆದಿಡಲಾರದು. ಅದನ್ನು ಬಲ್ಲವರು ಬಡಿಗೇರ ಮನೆಯ ಹಿರಿಯರು. ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದಲೇ ಬಂದವರು. ಈ ರಜೆಯಲ್ಲಿ ಒಬ್ಬೊಬ್ಬರು ತಮ್ಮೂರ ದೇವಿಯ ವಿವರವನ್ನು ನಾಲ್ಕು ಪುಟ ಬರೆದು ತಂದರೆ, ಅಧ್ಯಾಪಕರು ತಿದ್ದಿ ನಮ್ಮ ಗ್ರಂಥಾಲಯದಲ್ಲಿ ಇರಿಸಬಹುದು. ಅಕ್ಷರ ಕಲಿಸಿದ ಊರಿಗೆ ಅಕ್ಷರದಲ್ಲಿಯೇ ಋಣ ಸಲ್ಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣದು.