ಮೈಲಿ ಬೇಡ, ಕುಳಿತ ಗಂಟೆ ಎಣಿಸಿ

ಅಮೆರಿಕ ಎಷ್ಟು ದೂರ? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ಇಂದು ಇದು ಭೂಗೋಳದ ಪಾಠದ ಪ್ರಶ್ನೆಯಲ್ಲ. ಮಗಳ ಬಾಣಂತನಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಹೊರಟ ಹಿರಿಯರ ಪ್ರಶ್ನೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರು ನಡುವೆ ನೇರ ವಿಮಾನ ಆರಂಭಿಸಿತು. ಮೊದಲ ವಿಮಾನವನ್ನು ಉತ್ತರ ಧ್ರುವದ ಮಾರ್ಗವಾಗಿ ತಂದವರು ಮಹಿಳಾ ಪೈಲಟ್‌ಗಳು. ದೂರ ಸುಮಾರು 14 ಸಾವಿರ ಕಿಲೋಮೀಟರ್, ಅವಧಿ 16–17 ಗಂಟೆ. ನಡುವೆ ಇಳಿದು ಹೋಗುವ ವಿಮಾನವಾದರೆ ಇನ್ನೂ ಹೆಚ್ಚು.

ಟಿಕೆಟ್ಟಿನ ಮೇಲಿರುವ ಈ ಲೆಕ್ಕ ದೇಹದ ಲೆಕ್ಕವಲ್ಲ. ಮುಳಬಾಗಿಲಿನಿಂದ ದೇವನಹಳ್ಳಿಗೆ ಕಾರಿನಲ್ಲಿ ಎರಡು ಗಂಟೆಗೂ ಮಿಕ್ಕಿ, ನಿಲ್ದಾಣದಲ್ಲಿ ಮೂರು ಗಂಟೆ. ಒಟ್ಟು 21 ಗಂಟೆ ದಾಟಿತು. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ದಿನವಿಡೀ ಓಡಾಡುವ ಜೀವ ಇಷ್ಟು ಹೊತ್ತು ಕಾಲು ಮಡಿಸಿ ಕುಳಿತ ಉದಾಹರಣೆ ಇದೆಯೇ?

ಸತತ ನಾಲ್ಕು ಗಂಟೆಗಿಂತ ಹೆಚ್ಚು ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ತಿಳಿಸಿದೆ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ, ಗಾಬರಿ ಬೇಡ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಸ್ಥೂಲಕಾಯದವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಇಲ್ಲಿ ಮಕ್ಕಳಿಗೆ ಒಂದು ಮಾತು. ಚೆನ್ನಾಗಿ ನಡೆಯಬಲ್ಲ ತಂದೆ ತಾಯಿಗೂ ಗಾಲಿಕುರ್ಚಿ ಕಾದಿರಿಸುವ ರೂಢಿ ಬೆಳೆದಿದೆ. ಕಾರಣ ಕಾಲುನೋವಲ್ಲ, ಇಂಗ್ಲಿಷ್ ಬಾರದೆಂಬ ಅಂಜಿಕೆ. ಭಾಷೆಯ ಕೊರತೆಗೆ ಕಾಲು ಕಟ್ಟಿಹಾಕುವುದು ಸರಿಯಾದ ಮದ್ದಲ್ಲ. ಇಂಗ್ಲಿಷಿನಲ್ಲಿ ವಿವರ ಬರೆದ ಚೀಟಿ ಕೈಗೆ ಕೊಡಿ, ಸಾಧ್ಯವಾದರೆ ಪರಿಚಿತರ ಜೊತೆ ಕಳುಹಿಸಿ. ನಿಲ್ದಾಣದಲ್ಲಿ ನಡೆಯುವ ಅರ್ಧ ಗಂಟೆ ಅವರಿಗೆ ಒಳ್ಳೆಯದೇ. ನಿಜವಾಗಿ ನಡೆಯಲಾರದವರಿಗೆ ಆ ಕುರ್ಚಿ ಉಳಿಯಲಿ.

ವಿಮಾನದಲ್ಲಿ ಓಡಾಟದ ದಾರಿಯ ಪಕ್ಕದ ಆಸನ ಕೇಳಿ ಪಡೆಯಿರಿ. ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ಶೌಚಾಲಯದ ಸಂಕೋಚಕ್ಕೆ ನೀರು ಬಿಡಬೇಡಿ, ಒಳಗಿನ ಗಾಳಿ ತುಂಬಾ ಒಣಗಿರುತ್ತದೆ. ನಿದ್ರೆ ಮಾತ್ರೆ ನುಂಗಿ ಮುದುರಿ ಮಲಗುವುದು ಬೇಡ. ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹನ್ನೆರಡೂವರೆ ಇಲ್ಲವೇ ಹದಿಮೂರೂವರೆ ಗಂಟೆ ಹಿಂದೆ. ಸಕ್ಕರೆ ಕಾಯಿಲೆಯವರು ಔಷಧಿಯ ಹೊತ್ತನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು.

ತಲುಪಿದ ಮೇಲೆ ಕೆಲವು ವಾರಗಳೊಳಗೆ ಒಂದೇ ಕಾಲು ಊದಿ ನೋವಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪರದೇಶದಲ್ಲಿ ಮಕ್ಕಳಿಗೆ ಖರ್ಚಾದೀತೆಂದು ನೋವು ನುಂಗಿ ಕೂರುವುದು ನಮ್ಮ ಹಿರಿಯರ ಸ್ವಭಾವ. ಆ ಕಾರಣಕ್ಕೇ ಟಿಕೆಟ್ಟಿನ ಜೊತೆಗೆ ಆರೋಗ್ಯ ವಿಮೆಯನ್ನೂ ಮಾಡಿಸಿ, ಅದನ್ನು ಅವರಿಗೆ ತಿಳಿಸಿಯೂ ಇರಿ.